ಶಾಂತಿಗಾಗಿ ನಿಲ್ಲುವವರು ಚುನಾವಣೆಗೂ ನಿಲ್ಲಬೇಕೆ?

ಸಾಧನಕೇರಿ ಸೈಕಲ್ | ಶನಿವಾರ, ರಾತ್ರಿ 9:40

ಒಂದು ಜಗಳ ತಂದಿದ್ದೇನೆ, ಬಿಡಿಸಿಕೊಡಿ.

ನಾವು ಹನ್ನೊಂದು ಜನ. ಧಾರವಾಡದವರು ನಾಲ್ವರು, ಹುಬ್ಬಳ್ಳಿಯವರು ಐವರು, ಗದಗದಿಂದ ರೈಲು ಹತ್ತಿ ಬರುವವರು ಇಬ್ಬರು. ತಿಂಗಳ ಮೊದಲ ಶನಿವಾರ ಸಂಜೆ ಹುಬ್ಬಳ್ಳಿಯ ಕಿತ್ತೂರು ಚನ್ನಮ್ಮ ವೃತ್ತದ ಹತ್ತಿರ ಫಲಕ ಹಿಡಿದು ಒಂದು ತಾಸು ನಿಲ್ಲುತ್ತೇವೆ. ಘೋಷಣೆ ಇಲ್ಲ, ಮೈಕ್ ಇಲ್ಲ. ಫಲಕದ ಮೇಲೆ ‘ಯುದ್ಧ ಬೇಡ’ ಎಂಬ ಎರಡೇ ಪದ. ಶುರುವಾದದ್ದು 2022ರ ಮಾರ್ಚ್‌ನಲ್ಲಿ. ರಾಣೇಬೆನ್ನೂರು ತಾಲ್ಲೂಕಿನ ಚಳಗೇರಿಯ ವೈದ್ಯಕೀಯ ವಿದ್ಯಾರ್ಥಿ ಖಾರ್ಕಿವ್‌ನಲ್ಲಿ ದಿನಸಿಗೆ ಸರದಿಯಲ್ಲಿ ನಿಂತಿದ್ದಾಗ ಶೆಲ್ ದಾಳಿಗೆ ಬಲಿಯಾದ ವಾರ. ಅಂದು ನಲವತ್ತು ಜನ ಇದ್ದೆವು. ಆಮೇಲೆ ಗಾಜಾ ಬಂತು, 2025ರ ಮೇ ತಿಂಗಳ ಭಾರತ-ಪಾಕ್ ಕಾಳಗದ ಆ ನಾಲ್ಕು ದಿನ ಬಂದವು, ಒಬ್ಬೊಬ್ಬರಾಗಿ ಮನೆ ಸೇರಿದರು. ಉಳಿದದ್ದು ಈ ಹನ್ನೊಂದು.

ಇಂದು ಚಹಾದ ಅಂಗಡಿಯಲ್ಲಿ ನಮ್ಮಲ್ಲೊಬ್ಬರು ಮಡಚಿದ ಕಾಗದ ಬಿಚ್ಚಿದರು. ಪಕ್ಷ ಕಟ್ಟೋಣ, ಮುಂದಿನ ಪಾಲಿಕೆ ಚುನಾವಣೆಯಲ್ಲಿ ಒಂದು ವಾರ್ಡಿನಲ್ಲಾದರೂ ನಿಲ್ಲೋಣ ಎಂದರು. ಅವರ ವಾದ ಇಷ್ಟು: ನಿಂತು ನಿಂತು ಕಾಲು ನೋವಾಯಿತೇ ಹೊರತು ಒಬ್ಬರೂ ತಿರುಗಿ ನೋಡಲಿಲ್ಲ. ಕಳೆದ ವರ್ಷ ಮನವಿ ಪತ್ರ ಕೊಡಲು ಹೋದಾಗ ತೆಗೆದುಕೊಂಡ ಅಧಿಕಾರಿ ಅದನ್ನು ಎರಡು ಸಲ ಓದಿ, ‘ಇದನ್ನು ಯಾವ ಇಲಾಖೆಗೆ ಕಳುಹಿಸಲಿ?’ ಎಂದು ಕೇಳಿದರು. ವ್ಯಂಗ್ಯವಲ್ಲ, ಪಾಪ, ನಿಜವಾಗಿಯೂ ಗೊತ್ತಿರಲಿಲ್ಲ.

ಕೈ ಎತ್ತಿಸಿದಾಗ ಪಕ್ಷದ ಪರ ಆರು, ವಿರುದ್ಧ ನಾಲ್ಕು. ನಾನು ಚಹಾದ ದುಡ್ಡು ಕೊಡುವ ನೆಪದಲ್ಲಿ ಎದ್ದು ಹೋದೆ. ಈಗ ಇಬ್ಬರು ಗುಂಪಿನಿಂದ ಹೊರಗೆ ಹೋಗುವ ಮಾತಾಡುತ್ತಿದ್ದಾರೆ. ಏನು ಮಾಡಲಿ?

ದುರ್ಗದಬೈಲ್ ಗಿರಮಿಟ್ | 9:52

ಹನ್ನೊಂದು ಜನರಿದ್ದರೆ ಕ್ರಿಕೆಟ್ ತಂಡವಾಗುತ್ತದೆ. ಪಕ್ಷವೇಕೆ?

ಮುಳಗುಂದ ನಾಕಾ | 9:58

ಆ ರೈಲು ಹತ್ತಿ ಬರುವ ಇಬ್ಬರಲ್ಲಿ ನಾನೊಬ್ಬ. ವಿರುದ್ಧ ಕೈ ಎತ್ತಿದವನೂ ಹೌದು. ಸೈಕಲ್ ಸರ್, ನೀವು ದುಡ್ಡು ಕೊಡಲು ಎದ್ದದ್ದು ಎಲ್ಲರಿಗೂ ಕಂಡಿತು.

ಠೇವಣಿ ಕಳೆದುಕೊಂಡವನು | 10:20

ಈ ವಿಷಯದಲ್ಲಿ ಮಾತನಾಡುವ ಅರ್ಹತೆ ನನಗಿದೆ, ಹೆಸರಿನಲ್ಲೇ ಇದೆ. ವಿಧಾನಸಭೆಗೆ ಪಕ್ಷೇತರನಾಗಿ ನಿಂತು ಸೋತವನು. ಚಲಾವಣೆಯಾದ ಮತಗಳ ಆರನೇ ಒಂದು ಭಾಗ ಸಿಗದಿದ್ದರೆ ಠೇವಣಿ ಹೋಗುತ್ತದೆ. ನನಗೆ ಅರವತ್ತನೇ ಒಂದು ಭಾಗವೂ ಸಿಗಲಿಲ್ಲ. ಹತ್ತು ಸಾವಿರ ರೂಪಾಯಿ ಸರ್ಕಾರಕ್ಕೆ ಅರ್ಪಣೆ.

ಮೊದಲು ಒಂದು ಗೊಂದಲ ತೆಗೆಯುತ್ತೇನೆ. ಚುನಾವಣೆಗೆ ನಿಲ್ಲಲು ಪಕ್ಷ ಬೇಕಿಲ್ಲ. 2021ರ ಸೆಪ್ಟೆಂಬರ್‌ನಲ್ಲಿ ನಮ್ಮ ಪಾಲಿಕೆಯ 82 ವಾರ್ಡುಗಳಿಗೆ ಮತದಾನವಾದಾಗ ಆರು ಮಂದಿ ಪಕ್ಷೇತರರು ಗೆದ್ದರು. ಗ್ರಾಮ ಪಂಚಾಯಿತಿಯಲ್ಲಂತೂ ಪಕ್ಷದ ಚಿಹ್ನೆಗೆ ಅವಕಾಶವೇ ಇಲ್ಲ.

ಪಕ್ಷವೇ ಬೇಕು ಎನ್ನುವುದಾದರೆ ಕೇಳಿ. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 29ಎ ಕಲಮಿನ ಅಡಿ ನೋಂದಣಿಯಾಗಬೇಕು. ಪಕ್ಷ ಸ್ಥಾಪನೆಯಾದ 30 ದಿನದೊಳಗೆ ಅರ್ಜಿ ದೆಹಲಿಯ ಚುನಾವಣಾ ಆಯೋಗಕ್ಕೆ ಮುಟ್ಟಬೇಕು. ಜೊತೆಗೆ ಹತ್ತು ಸಾವಿರದ ಡಿ.ಡಿ. ಮತಪಟ್ಟಿಯಲ್ಲಿ ಹೆಸರಿರುವ ಕನಿಷ್ಠ 100 ಸದಸ್ಯರು ‘ನಾನು ಬೇರೆ ಯಾವ ಪಕ್ಷದ ಸದಸ್ಯನೂ ಅಲ್ಲ’ ಎಂದು ಪ್ರತ್ಯೇಕವಾಗಿ ಪ್ರಮಾಣಪತ್ರ ಕೊಡಬೇಕು. ಎರಡು ರಾಷ್ಟ್ರಮಟ್ಟದ ಪತ್ರಿಕೆ, ಎರಡು ಸ್ಥಳೀಯ ಪತ್ರಿಕೆಗಳಲ್ಲಿ ಎರಡೆರಡು ದಿನ ಪ್ರಕಟಣೆ. ಆ ಜಾಹೀರಾತಿನ ದರ ಕೇಳಿದ ದಿನ ನಮ್ಮ ಅರ್ಧ ಉತ್ಸಾಹ ಇಳಿಯಿತು. ಪಕ್ಷದ ನಿಯಮಾವಳಿಯಲ್ಲಿ ಸಂವಿಧಾನಕ್ಕೂ ಸಮಾಜವಾದ, ಜಾತ್ಯತೀತತೆ, ಪ್ರಜಾಪ್ರಭುತ್ವಕ್ಕೂ ನಿಷ್ಠೆ ಬರೆದಿರಬೇಕು, ಒಳಚುನಾವಣೆಯ ಕ್ರಮವೂ ಇರಬೇಕು.

ಇಷ್ಟಾದ ಮೇಲೆ ಸಿಗುವುದು ‘ನೋಂದಾಯಿತ, ಮಾನ್ಯತೆ ಪಡೆಯದ ಪಕ್ಷ’ ಎಂಬ ಬಿರುದು. ನಾಮಪತ್ರಕ್ಕೆ ಆಗಲೂ ಹತ್ತು ಸೂಚಕರೇ ಬೇಕು, ದೊಡ್ಡ ಪಕ್ಷದವರಿಗೆ ಒಬ್ಬರು ಸಾಕು. ಎಲ್ಲ ಕ್ಷೇತ್ರಗಳಲ್ಲಿ ಒಂದೇ ಚಿಹ್ನೆ ಬೇಕೆಂದರೆ ವಿಧಾನಸಭೆಯ ಶೇಕಡ 5ರಷ್ಟು ಸ್ಥಾನಗಳಿಗಾದರೂ ಅಭ್ಯರ್ಥಿ ಹಾಕಬೇಕು. ಅಂದರೆ ಹನ್ನೊಂದೋ ಹನ್ನೆರಡೋ. ಧಾರವಾಡ ಜಿಲ್ಲೆಯ ಏಳು, ಗದಗದ ನಾಲ್ಕು, ಹಾವೇರಿಯ ಆರು ಸೇರಿಸಿದರೆ ಹದಿನೇಳು ಕ್ಷೇತ್ರ. ಹನ್ನೊಂದು ಜನರೂ ಒಂದೊಂದು ಕಡೆ ನಿಂತರೆ ಪ್ರಚಾರಕ್ಕೆ ಹೋಗುವವರು ಯಾರು?

ಕೆಂಪು ಪೆನ್ನು | 10:31

ಠೇವಣಿಯವರು ಹೇಳಿದ್ದಕ್ಕೆ ಒಂದು ಸೇರ್ಪಡೆ. ನೋಂದಣಿ ಮಾಡಿಸಿ ಬೀರುವಿನಲ್ಲಿಟ್ಟರೆ ಆಗಲಿಲ್ಲ. ಆರು ವರ್ಷ ಯಾವ ಚುನಾವಣೆಗೂ ನಿಲ್ಲದ 334 ಪಕ್ಷಗಳನ್ನು ಆಯೋಗ 2025ರ ಆಗಸ್ಟ್‌ನಲ್ಲಿ ಪಟ್ಟಿಯಿಂದ ತೆಗೆದುಹಾಕಿತು. ಪ್ರತಿ ವರ್ಷ ಲೆಕ್ಕಪರಿಶೋಧನೆ ಬೇಕು. ಇಪ್ಪತ್ತು ಸಾವಿರ ರೂಪಾಯಿ ಮೀರಿದ ದೇಣಿಗೆಯ ವಿವರ ಕೊಡಬೇಕು.

ದುರ್ಗದಬೈಲ್ ಗಿರಮಿಟ್ | 10:34

ಇಪ್ಪತ್ತು ಸಾವಿರ ಮೀರಿದ ದೇಣಿಗೆಯಂತೆ! ಸೈಕಲ್ ಸರ್ ಚಹಾದ ದುಡ್ಡು ಕೊಟ್ಟದ್ದನ್ನೂ ಬರೆದಿಡಿ.

ಚಿಹ್ನೆಗೆ ಪಾರಿವಾಳ ಕೇಳಿ. ಶಾಂತಿಗೆ ಸರಿಯಾಗುತ್ತದೆ.

ಠೇವಣಿ ಕಳೆದುಕೊಂಡವನು | 10:37

ಪ್ರಾಣಿ ಪಕ್ಷಿಗಳ ಚಿಹ್ನೆಯನ್ನು ಆಯೋಗ ಹೊಸದಾಗಿ ಯಾರಿಗೂ ಕೊಡುವುದಿಲ್ಲ. ಚುನಾವಣೆ ಬಂದರೆ ಜನ ಜೀವಂತ ಪ್ರಾಣಿಯನ್ನೇ ಮೆರವಣಿಗೆಯಲ್ಲಿ ಎಳೆದಾಡುತ್ತಾರೆ ಎಂದು ನಿಲ್ಲಿಸಿದರು. ಮುಕ್ತ ಚಿಹ್ನೆಗಳ ಪಟ್ಟಿಯಲ್ಲಿ ಹೊಲಿಗೆ ಯಂತ್ರ, ಗ್ಯಾಸ್ ಸಿಲಿಂಡರ್‌ನಂಥವೇ ಸಿಗುವುದು. ‘ಶಾಂತಿಗಾಗಿ ಗ್ಯಾಸ್ ಸಿಲಿಂಡರಿಗೆ ಮತ ಕೊಡಿ’ ಎಂದು ಒಮ್ಮೆ ಗಟ್ಟಿಯಾಗಿ ಹೇಳಿ ನೋಡಿ.

ಕರಿ ಎರೆ | 10:55

ನವಲಗುಂದದ ಕಡೆಯ ರೈತ. ಸಣ್ಣ ಪಕ್ಷ ಆಗುವುದಿಲ್ಲ ಎಂದು ಈ ನೆಲದಲ್ಲಿ ನಿಂತು ಹೇಳಬೇಡಿ. 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ಗುಂಡು ಹಾರಿತು. ಮಲಪ್ರಭೆಯ ನೀರು ಹೊಲಕ್ಕೆ ಬರುವ ಮೊದಲೇ ಅಭಿವೃದ್ಧಿ ಕರ ಕಟ್ಟಿ ಎಂದದ್ದಕ್ಕೆ ಎದ್ದ ಬಂಡಾಯ ಅದು. ಸಣ್ಣ ಊರಿನ ಸಿಟ್ಟು ರಾಜ್ಯವಿಡೀ ಹಬ್ಬಿ ರೈತ ಸಂಘವಾಯಿತು, ಮೂರೇ ವರ್ಷದಲ್ಲಿ ಗುಂಡೂರಾವ್ ಸರ್ಕಾರವನ್ನು ಕೆಡವಿತು. ಇಂದಿಗೂ ಜುಲೈ 21 ಬಂದರೆ ನಮ್ಮಲ್ಲಿ ವೀರಗಲ್ಲಿಗೆ ಹಾರ ಬೀಳುತ್ತದೆ, ಪಕ್ಷ ಯಾವುದಾದರೂ ನಾಯಕರು ಬಂದು ತಲೆ ಬಾಗುತ್ತಾರೆ.

ಕೆಂಪು ಪೆನ್ನು | 11:06

ಕರಿ ಎರೆಯವರೇ, ನಿಮ್ಮ ಮೇಲೆ ಗೌರವವಿದೆ, ಆದರೆ ‘ಕೆಡವಿತು’ ಎಂಬುದು ಪೂರ್ತಿ ಸರಿಯಲ್ಲ. 1983ರ ಜನವರಿಯ ಚುನಾವಣೆಯಲ್ಲಿ ಕಾಂಗ್ರೆಸ್ ಸೋತಿತು, ರೈತರ ಸಿಟ್ಟು ಅದಕ್ಕೊಂದು ದೊಡ್ಡ ಕಾರಣ, ಒಪ್ಪೋಣ. ಅಧಿಕಾರಕ್ಕೆ ಬಂದವರು ಮಾತ್ರ ಜನತಾ ಪಕ್ಷದ ರಾಮಕೃಷ್ಣ ಹೆಗಡೆ. ಬಿತ್ತಿದವರು ಒಬ್ಬರು, ರಾಶಿ ಮಾಡಿಕೊಂಡವರು ಇನ್ನೊಬ್ಬರು.

ರೈತ ಸಂಘ ಹೆಸರು ಹಾಕಿಕೊಂಡು ಗೆದ್ದದ್ದು 1989ರಲ್ಲಿ. ಬಾಬಾಗೌಡ ಪಾಟೀಲರು ಕಿತ್ತೂರು ಮತ್ತು ಧಾರವಾಡ ಗ್ರಾಮೀಣ, ಎರಡೂ ಕಡೆ ಗೆದ್ದರು. ಧಾರವಾಡ ಬಿಟ್ಟುಕೊಟ್ಟಾಗ ಉಪಚುನಾವಣೆಯಲ್ಲಿ ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರು ಗೆದ್ದರು. ಮುಂದಿನ ಕಥೆಯನ್ನೂ ಹೇಳಬೇಕಲ್ಲ: 1998ರಲ್ಲಿ ಬಾಬಾಗೌಡರು ಬಿಜೆಪಿಯಿಂದ ಬೆಳಗಾವಿಯ ಸಂಸದರಾದರು, ಕೇಂದ್ರದಲ್ಲಿ ರಾಜ್ಯ ಸಚಿವರೂ ಆದರು.

ಕರಿ ಎರೆ | 11:15

ರಾಶಿಯ ಮಾತು ಒಪ್ಪಿದೆ. ಬಾಬಾಗೌಡರ ಮಾತು ಎತ್ತಿ ಹಳೆಯ ಗಾಯ ಕೆರೆದಿರಿ. ನಮ್ಮ ಅಪ್ಪ ಅವರಿಗಾಗಿ ಚಕ್ಕಡಿಯಲ್ಲಿ ಊರೂರು ತಿರುಗಿದ್ದರು.

ಮುಳಗುಂದ ನಾಕಾ | 11:30

ಅದೇ 1989ರಲ್ಲಿ ಪಕ್ಕದ ಕೆನರಾ ಲೋಕಸಭಾ ಕ್ಷೇತ್ರದಲ್ಲಿ ಶಿವರಾಮ ಕಾರಂತರು ನಿಂತದ್ದು ನೆನಪಿದೆಯೇ? ಕೈಗಾ ಅಣುಸ್ಥಾವರದ ವಿರುದ್ಧ ನಿಂತರು. ಇಡೀ ಕರ್ನಾಟಕಕ್ಕೆ ಗೊತ್ತಿರುವ ಮುಖ, ಜ್ಞಾನಪೀಠ, ಎಲ್ಲವೂ ಇತ್ತು. ಸೋತರು. ಕೈಗಾದ ಕೆಲಸವೂ ನಿಲ್ಲಲಿಲ್ಲ. ಒಂದೇ ವರ್ಷ, ಬೆಟ್ಟದ ಈ ಕಡೆ ಕರದ ಪ್ರಶ್ನೆ ಗೆದ್ದಿತು, ಆ ಕಡೆ ಅಣುವಿನ ಪ್ರಶ್ನೆ ಸೋತಿತು. ನಮ್ಮದು ಯಾವ ಜಾತಿಯ ಪ್ರಶ್ನೆ ಎಂದು ಆರು ಜನ ಕೈ ಎತ್ತುವ ಮೊದಲು ಯೋಚಿಸಬೇಕಿತ್ತು. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಲು ಹೊರಟಿದ್ದೇವೆ.

ಗೆದ್ದರೆ ಏನಾಗುತ್ತದೆ ಎಂಬುದು ಇನ್ನೂ ದೊಡ್ಡ ಭಯ. ಜರ್ಮನಿಯ ಗ್ರೀನ್ ಪಕ್ಷ 1980ರಲ್ಲಿ ಹುಟ್ಟಿದ್ದೇ ಅಣ್ವಸ್ತ್ರ ಬೇಡ, ಯುದ್ಧ ಬೇಡ ಎನ್ನುವವರಿಂದ. 1983ರಲ್ಲಿ ಸಂಸತ್ತಿಗೆ ಬಂದಾಗ ಒಬ್ಬರೇ ಕುರ್ಚಿ ಹಿಡಿದು ಕೂರಬಾರದೆಂದು ಅವಧಿಯ ನಡುವೆ ಸಂಸದರನ್ನೇ ಬದಲಿಸುವ ನಿಯಮ ಮಾಡಿಕೊಂಡಿದ್ದರು. 1998ರಲ್ಲಿ ಸರ್ಕಾರದ ಪಾಲುದಾರರಾದರು. ಮರುವರ್ಷವೇ ಕೊಸೊವೊ ಯುದ್ಧ. ಎರಡನೇ ಮಹಾಯುದ್ಧದ ನಂತರ ಜರ್ಮನಿಯ ಸೇನೆ ಮೊದಲ ಸಲ ಕಾಳಗಕ್ಕೆ ಇಳಿದಾಗ ವಿದೇಶಾಂಗ ಸಚಿವರು ಯಾರು? ಗ್ರೀನ್ ಪಕ್ಷದ ಯೋಷ್ಕಾ ಫಿಷರ್. ಆ ಮೇ ತಿಂಗಳಲ್ಲಿ ಬೀಲೆಫೆಲ್ಡ್‌ನ ಪಕ್ಷದ ಸಮಾವೇಶದಲ್ಲಿ ಅವರ ಕಿವಿಗೆ ಕೆಂಪು ಬಣ್ಣ ತುಂಬಿದ ಪೊಟ್ಟಣ ಬಂದು ಬಡಿಯಿತು. ಎಸೆದದ್ದು ಯುದ್ಧವಿರೋಧಿಗಳೇ.

ದುರ್ಗದಬೈಲ್ ಗಿರಮಿಟ್ | 11:33

ಗದಗಿನವರು ಪಾಲಿಕೆಯ ವಾರ್ಡ್ ಗೆಲ್ಲುವ ಮೊದಲೇ ವಿದೇಶಾಂಗ ಸಚಿವರಾಗುವ ಚಿಂತೆ ಹಚ್ಚಿಕೊಂಡರು.

ನಿವೃತ್ತ ಹವಾಲ್ದಾರ | ಭಾನುವಾರ, ಬೆಳಗ್ಗೆ 6:10

ರಾತ್ರಿಯೆಲ್ಲ ಓದಿದೆ. ಸೇನೆಯಲ್ಲಿ ಇದ್ದವನು, 1999ರಲ್ಲಿ ದ್ರಾಸ್ ಕಡೆ ಇದ್ದೆ. ನೇರವಾಗಿ ಮಾತನಾಡುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ನಿಮ್ಮ ಗುಂಪನ್ನು ನಾನು ಎರಡು ಸಲ ನೋಡಿದ್ದೇನೆ. ಒಂದು ಸಲ ನಿಂತು ಫಲಕ ಓದಿ ಮುಂದೆ ಹೋದೆ. ಪಹಲ್ಗಾಮ್‌ನಲ್ಲಿ 26 ಜನರನ್ನು ಕೊಂದ ಮರುವಾರವೂ ನಿಮ್ಮ ಫಲಕದಲ್ಲಿ ಅದೇ ಎರಡು ಪದ. ಸತ್ತವರ ಮನೆಯವರಿಗೆ ಹೇಳಲು ನಿಮ್ಮ ಬಳಿ ಮೂರನೇ ಪದವೇ ಇರಲಿಲ್ಲವೇ? ಯುದ್ಧ ಬೇಡ ಎಂಬುದು ನಿಮಗಿಂತ ನನಗೆ ಚೆನ್ನಾಗಿ ಗೊತ್ತು. ಸಿಯಾಚಿನ್‌ನಲ್ಲಿ 2003ರಿಂದ ಕದನವಿರಾಮ. ಆದರೂ 2016ರ ಫೆಬ್ರುವರಿ 3ರಂದು 19,600 ಅಡಿ ಎತ್ತರದಲ್ಲಿ ಹತ್ತು ಯೋಧರ ಮೇಲೆ ಹಿಮ ಕುಸಿಯಿತು. ಗುಂಡು ಹಾರಲಿಲ್ಲ, ಹಿಮ ಬಿತ್ತು, ಅಷ್ಟೇ. ಕುಂದಗೋಳ ತಾಲ್ಲೂಕಿನ ಬೆಟದೂರಿನ ಹನುಮಂತಪ್ಪ ಕೊಪ್ಪದ ಆರು ದಿನದ ಮೇಲೆ ಜೀವಂತ ಸಿಕ್ಕಿದರು, 11ರಂದು ದೆಹಲಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಹುಬ್ಬಳ್ಳಿಯಲ್ಲಿ ಅಂತಿಮ ದರ್ಶನಕ್ಕೆ ನಿಂತ ಸಾಲಿನಲ್ಲಿ ನಾನಿದ್ದೆ. ಆ ಸಾಲಿನಲ್ಲಿದ್ದ ಒಬ್ಬರಾದರೂ ಇಂದು ನಿಮ್ಮ ಹನ್ನೊಂದರಲ್ಲಿ ಇದ್ದಾರೆಯೇ?

ಸೈನಿಕರ ಮನೆಗೆ ಹೋಗದೆ ಶಾಂತಿಯ ಮಾತಾಡುವವರ ಪಕ್ಷಕ್ಕೆ ಈ ಜಿಲ್ಲೆಯಲ್ಲಿ ಮತ ಬೀಳುವುದಿಲ್ಲ. ಬೀಳಲೂಬಾರದು.

ರಾಯನಾಳ ರಸ್ತೆ | 7:02

ಹವಾಲ್ದಾರ ಸಾಹೇಬರು ಸರಿಯಾಗಿ ಹೇಳಿದರು. ಇವರೆಲ್ಲ ದೇಶದ್ರೋಹಿಗಳು, ಗಡಿ ದಾಟಿಸಿ ಕಳುಹಿಸಬೇಕು.

ನಿವೃತ್ತ ಹವಾಲ್ದಾರ | 7:09

ತಮ್ಮಾ, ನಾನು ಹಾಗೆ ಹೇಳಲಿಲ್ಲ. ನನ್ನ ಹೆಗಲ ಮೇಲೆ ನಿನ್ನ ಬಂದೂಕು ಇಡಬೇಡ.

ಸಾಧನಕೇರಿ ಸೈಕಲ್ | 8:15

ಹವಾಲ್ದಾರ ಸರ್, ಏಟು ಸರಿಯಾದ ಜಾಗಕ್ಕೇ ಬಿತ್ತು. ಪಹಲ್ಗಾಮ್ ಆದ ಮೇಲೆ ನಿಲ್ಲಬೇಕೋ ಬೇಡವೋ ಎಂದು ನಾವು ಮೂರು ರಾತ್ರಿ ವಾದಿಸಿದ್ದೆವು. ಸತ್ತವರಿಗೆ ಮೊದಲು ಮೇಣದ ಬತ್ತಿ ಹಚ್ಚೋಣ, ಫಲಕ ಆಮೇಲೆ ಎಂದು ಇಬ್ಬರು ಹೇಳಿದರು. ಮಾತು ಮುಗಿಯುವಷ್ಟರಲ್ಲಿ ಶನಿವಾರ ಬಂದಿತ್ತು, ಹಳೆಯ ಫಲಕವನ್ನೇ ಎತ್ತಿಕೊಂಡು ಹೋದೆವು. ಸಮಜಾಯಿಷಿಯಲ್ಲ, ನಡೆದದ್ದು. ಹುಬ್ಬಳ್ಳಿಯ ಆ ಸಾಲಿನಲ್ಲಿ ನಮ್ಮವರು ಯಾರೂ ಇರಲಿಲ್ಲ.

ಬ್ಯಾಡಗಿ ಡಬ್ಬಿ | 9:20

ನಮ್ಮ ಕಡೆ ಯುದ್ಧದ ಸುದ್ದಿ ಟಿವಿಗಿಂತ ಮೊದಲು ಗೊಬ್ಬರದ ಅಂಗಡಿಗೆ ಬರುತ್ತದೆ. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದ ಮೇಲೆ ಡಿಎಪಿ ಗೊಬ್ಬರದ ಚೀಲ 1,200ರಿಂದ 1,350 ಆಯಿತು. ಅದೂ ಸರ್ಕಾರ ಸಬ್ಸಿಡಿ ಏರಿಸಿ ತಡೆದದ್ದರಿಂದ, ಇಲ್ಲದಿದ್ದರೆ ಮೂಟೆ ಮುಟ್ಟುವ ಹಾಗಿರಲಿಲ್ಲ. ಪೊಟ್ಯಾಷ್ ಪೂರ್ತಿ ಹೊರದೇಶದ್ದು, ರಷ್ಯಾ ಮತ್ತು ಬೆಲಾರೂಸ್ ಅದರ ದೊಡ್ಡ ಕಣಜಗಳು. ಸೂರ್ಯಕಾಂತಿ ಎಣ್ಣೆ ಬರುತ್ತಿದ್ದದ್ದೇ ಉಕ್ರೇನಿನಿಂದ. ನಮ್ಮ ಅತ್ತೆಗೆ ಉಕ್ರೇನ್ ಎಲ್ಲಿದೆ ಗೊತ್ತಿಲ್ಲ, ಆ ವರ್ಷ ಹಬ್ಬಕ್ಕೆ ಕರಿಗಡುಬಿನ ಲೆಕ್ಕ ಅರ್ಧ ಮಾಡಿದರು.

ಹಾವೇರಿಯವರಿಗೆ ಗೊಬ್ಬರ ಎಂದರೆ ಬರೀ ಗೊಬ್ಬರವಲ್ಲ ಎಂಬುದೂ ನೆನಪಿರಲಿ. 2008ರ ಜೂನ್ 10ರಂದು ಗೊಬ್ಬರ ಕೇಳಿದ್ದಕ್ಕೇ ಗೋಲಿಬಾರ್ ಆದ ಊರು ಇದು. ‘ಯುದ್ಧ ಬೇಡ’ ಎಂದು ಬ್ಯಾಡಗಿ ಮಾರುಕಟ್ಟೆಯಲ್ಲಿ ಫಲಕ ಹಿಡಿದರೆ ಯಾರೂ ನಿಲ್ಲುವುದಿಲ್ಲ. ‘ನಿಮ್ಮ ಡಿಎಪಿ ಚೀಲ ಏಕೆ ತುಟ್ಟಿಯಾಯಿತು’ ಎಂದು ಬರೆದು ನೋಡಿ, ಹಮಾಲರೂ ನಿಂತು ಓದುತ್ತಾರೆ.

ಕರಿ ಎರೆ | 9:31

ಇದು ಮಾತು. ಅಕ್ಕಾವರೇ, ನೀವು ನಿಲ್ಲಿ, ನಾನು ಸೂಚಕನಾಗುತ್ತೇನೆ.

ಬ್ಯಾಡಗಿ ಡಬ್ಬಿ | 9:33

ಅಣ್ಣಾ, ನಿಮ್ಮ ಹೆಸರು ನವಲಗುಂದದ ಮತಪಟ್ಟಿಯಲ್ಲಿದೆ. ಸೂಚಕರು ಅದೇ ಕ್ಷೇತ್ರದವರೇ ಆಗಬೇಕು. ಠೇವಣಿಯವರನ್ನು ಕೇಳಿ.

ಠೇವಣಿ ಕಳೆದುಕೊಂಡವನು | 9:40

ಹೌದು. ನನ್ನ ಹತ್ತು ಸೂಚಕರಲ್ಲಿ ಇಬ್ಬರ ಹೆಸರು ಪಕ್ಕದ ಕ್ಷೇತ್ರದ ಪಟ್ಟಿಯಲ್ಲಿತ್ತು. ಕೊನೆಯ ದಿನ ಮಧ್ಯಾಹ್ನ ಎರಡು ಗಂಟೆಗೆ ಗೊತ್ತಾಯಿತು, ಮೂರಕ್ಕೆ ಅವಧಿ ಮುಗಿಯುತ್ತದೆ. ಒಬ್ಬ ಕ್ಷೌರಿಕನನ್ನೂ ಅವನ ಅಂಗಡಿಯಲ್ಲಿ ಅರ್ಧ ಗಡ್ಡ ತೆಗೆಸಿಕೊಂಡಿದ್ದ ಗಿರಾಕಿಯನ್ನೂ ಆಟೋದಲ್ಲಿ ಹಾಕಿಕೊಂಡು ಹೋದೆ. ಆ ಇಬ್ಬರಾದರೂ ನನಗೆ ಮತ ಹಾಕಿದರೋ ಇಲ್ಲವೋ, ಇಂದಿಗೂ ಅನುಮಾನ.

ಬೆಳಗಾವಿ ಗಡಿ | 10:05

ಠೇವಣಿ ಇಷ್ಟು ಏರಲು ನಮ್ಮೂರೂ ಒಂದು ಕಾರಣ. 1996ರಲ್ಲಿ ಬೆಳಗಾವಿ ಲೋಕಸಭಾ ಕ್ಷೇತ್ರದಲ್ಲಿ 456 ಅಭ್ಯರ್ಥಿಗಳಿದ್ದರು. ಮತಪತ್ರ ಪುಸ್ತಕದಂತಾಗಿತ್ತು. ಆಮೇಲೆ ಲೋಕಸಭೆಯ ಠೇವಣಿ 500ರಿಂದ ಒಂದೇ ಸಲ 10,000ಕ್ಕೆ ಹಾರಿತು, ಈಗ 25,000.

ಮುಳಗುಂದ ನಾಕಾ | 10:20

ಡಬ್ಬಿ ಅಕ್ಕನವರ ಮಾತು ಚೆನ್ನಾಗಿದೆ, ಆದರೆ ಅದರಲ್ಲೂ ಒಂದು ಮೋಸವಿದೆ. ಗೊಬ್ಬರ ಅಗ್ಗವಾದರೆ ಯುದ್ಧ ನಡೆಯಬಹುದೇ? ನಾಳೆ ಯುದ್ಧ ಮಾಡುವ ದೇಶವೇ ಅಗ್ಗಕ್ಕೆ ಎಣ್ಣೆ ಕೊಟ್ಟರೆ ನಮ್ಮ ಫಲಕ ಏನು ಹೇಳಬೇಕು? 2022ರ ನಂತರ ರಷ್ಯಾದ ಅಗ್ಗದ ಎಣ್ಣೆ ಕೊಂಡದ್ದೂ ಇದೆ. ಮಗು ಸತ್ತರೆ ಸತ್ತಿತು ಎನ್ನಲು ಬೆಲೆಪಟ್ಟಿ ಬೇಕಾಗಬಾರದು.

ಬ್ಯಾಡಗಿ ಡಬ್ಬಿ | 10:28

ಬೇಕಾಗಬಾರದು, ನಿಜ. ಆದರೆ ನಾಲ್ಕು ವರ್ಷ ಬೆಲೆಪಟ್ಟಿ ಇಲ್ಲದೆ ನಿಂತಿರಿ, ನಲವತ್ತು ಹನ್ನೊಂದಾಯಿತು. ಬಾಗಿಲು ತಟ್ಟಲು ಬೆಲೆ, ಒಳಗೆ ಹೋದ ಮೇಲೆ ಮಗುವಿನ ಮಾತು. ಮಾರುಕಟ್ಟೆಯಲ್ಲಿ ಇದನ್ನು ಮೋಸ ಎನ್ನುವುದಿಲ್ಲ.

ತೋಳನಕೆರೆ ವಾಕಿಂಗ್ | 10:50

ಮೂಲ ಪ್ರಶ್ನೆ ಕೇಳಬಹುದೇ? ನಿಂತರೂ ಗೆದ್ದರೂ ಯುದ್ಧ ನಿಲ್ಲುತ್ತದೆಯೇ? 2003ರ ಫೆಬ್ರುವರಿ 15ರಂದು ಜಗತ್ತಿನ ನೂರಾರು ನಗರಗಳಲ್ಲಿ ಕೋಟಿಗೆ ಸಮೀಪ ಜನ ಬೀದಿಗೆ ಬಂದರು. ಐದು ವಾರ ಕಳೆಯುವುದರೊಳಗೆ ಇರಾಕ್ ಮೇಲೆ ಬಾಂಬು ಬಿತ್ತು. ಅವರ ಕೈಯಲ್ಲಾಗದ್ದು ಚನ್ನಮ್ಮ ವೃತ್ತದ ಹನ್ನೊಂದು ಜನರ ಕೈಯಲ್ಲಾಗುತ್ತದೆಯೇ?

ಕೆಂಪು ಪೆನ್ನು | 11:12

ಅರ್ಧ ಕಥೆ ಹೇಳಿದಿರಿ. ಅದೇ ವರ್ಷ ಮಾರ್ಚ್ 1ರಂದು ಟರ್ಕಿಯ ಸಂಸತ್ತಿನಲ್ಲಿ, ಅಮೆರಿಕದ ಸೇನೆ ತಮ್ಮ ನೆಲದಿಂದ ಇರಾಕಿಗೆ ನುಗ್ಗಲು ಬಿಡಬೇಕೆ ಎಂಬ ಪ್ರಶ್ನೆ ಮತಕ್ಕೆ ಬಂತು. ಪರ 264, ವಿರುದ್ಧ 250, ತಟಸ್ಥರು 19. ಹಾಜರಿದ್ದವರ ಬಹುಮತ ಸಿಗದೆ ನಿರ್ಣಯ ಬಿತ್ತು. ಅಂದು ಹೊರಗೆ ಅಂಕಾರಾದ ಬೀದಿಗಳಲ್ಲಿ ಜನ ತುಂಬಿದ್ದರು. ನಮ್ಮಲ್ಲಿ ವಾಜಪೇಯಿ ಸರ್ಕಾರ 2003ರ ಜುಲೈನಲ್ಲಿ ಇರಾಕಿಗೆ ಸೇನೆ ಕಳುಹಿಸಲು ಒಪ್ಪಲಿಲ್ಲ. ಅಮೆರಿಕ ಕೇಳಿತ್ತು, ದೆಹಲಿಯಲ್ಲಿ ಹೂಂ ಎನ್ನುವವರೂ ಇದ್ದರು. ಯುದ್ಧ ನಿಲ್ಲಲಿಲ್ಲ, ನಮ್ಮ ಊರಿನ ಹುಡುಗರು ಬಾಗ್ದಾದಿಗೆ ಹೋಗುವುದು ನಿಂತಿತು. ಇದು ಸಣ್ಣದೇ?

ತೋಳನಕೆರೆ ವಾಕಿಂಗ್ | 11:18

ಅವು ಸಂಸತ್ತುಗಳು. ಪಾಲಿಕೆ ಏನು ಮಾಡುತ್ತದೆ? ಯುದ್ಧ ಘೋಷಿಸುವುದು ನೈರ್ಮಲ್ಯ ಸ್ಥಾಯಿ ಸಮಿತಿಯಲ್ಲ.

ಸಾಧನಕೇರಿ ಸೈಕಲ್ | 11:25

ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರ ಪಾಲಿಕೆ 1980ರಲ್ಲಿ ತನ್ನ ನಗರವನ್ನು ಅಣ್ವಸ್ತ್ರಮುಕ್ತ ಎಂದು ಘೋಷಿಸಿತು, ನೋಡಿ ಎಷ್ಟೋ ಪಾಲಿಕೆಗಳು ಹಿಂಬಾಲಿಸಿದವು. ಹಿರೋಶಿಮಾದ ಮೇಯರ್ 1982ರಲ್ಲಿ ಶುರು ಮಾಡಿದ ಮೇಯರುಗಳ ಶಾಂತಿ ಕೂಟದಲ್ಲಿ ಇಂದು ಸಾವಿರಾರು ನಗರಗಳಿವೆ. ನಮ್ಮ ಪಾಲಿಕೆ ಆಗಸ್ಟ್ 6ರಂದು ಒಂದು ನಿರ್ಣಯ ಮಾಡಿದರೆ ಆಕಾಶ ಬೀಳುವುದಿಲ್ಲ.

ದುರ್ಗದಬೈಲ್ ಗಿರಮಿಟ್ | 11:29

ಮ್ಯಾಂಚೆಸ್ಟರಿನಲ್ಲಿ ನಲ್ಲಿ ತಿರುವಿದರೆ ನೀರು ಬರುತ್ತದೆ ಸರ್. ನಮಗೆ ನೀರು ಬಂದು ಇವತ್ತಿಗೆ ಏಳು ದಿನ. ನಮ್ಮ ಓಣಿಯಲ್ಲಿ ಸರದಿಗಾಗಿ ನಡೆಯುವ ಯುದ್ಧವನ್ನು ಮೊದಲು ನಿಲ್ಲಿಸಿಕೊಡಿ, ಆಮೇಲೆ ಅಣ್ವಸ್ತ್ರ.

ತೋಳನಕೆರೆ ವಾಕಿಂಗ್ | 11:31

ಗಿರಮಿಟ್ ಮೊದಲ ಸಲ ಕೆಲಸದ ಮಾತಾಡಿದ್ದು.

ಬೆಟಗೇರಿ ಮಗ್ಗ | ಮಧ್ಯಾಹ್ನ 2:45

ಗದಗದಿಂದ ಬರುವ ಇನ್ನೊಬ್ಬಳು ನಾನು. ಪಕ್ಷದ ಪರ ಕೈ ಎತ್ತಿದವಳು. ಮನೆಕೆಲಸ ಮುಗಿಸಿ ಈಗ ಕುಳಿತೆ.

ಇಷ್ಟು ಜನ ಇಷ್ಟು ಬರೆದಿರಿ, ಒಂದು ಮಾತು ಯಾರೂ ಎತ್ತಲಿಲ್ಲ. ನಲವತ್ತರಲ್ಲಿ ಹದಿನೆಂಟು ಹೆಣ್ಣುಮಕ್ಕಳಿದ್ದೆವು, ಈಗ ಮೂವರು. ಉಳಿದವರು ಹೆದರಿ ಬಿಟ್ಟವರಲ್ಲ. ಯೋಜನಾ ಸಭೆಯನ್ನು ರಾತ್ರಿ ಎಂಟಕ್ಕೆ ಇಟ್ಟಿರಿ. ಗದಗದ ಕೊನೆಯ ಅನುಕೂಲದ ಗಾಡಿ ತಪ್ಪಿದರೆ ನಾನು ಎಲ್ಲಿ ಮಲಗಲಿ? ಇಲ್ಲಿ ಜರ್ಮನಿ, ಟರ್ಕಿ ಎಲ್ಲ ಬಂದವು, ಸಮಯದ ಮಾತು ಬರಲಿಲ್ಲ.

ನಾನು ಪಕ್ಷ ಬೇಕೆಂದದ್ದು ಗೆಲ್ಲಲು ಅಲ್ಲ. ಪಕ್ಷವಾದರೆ ಸದಸ್ಯರ ಪಟ್ಟಿ ಇಡಬೇಕಾಗುತ್ತದೆ, ರಸೀದಿ ಪುಸ್ತಕ ಇಡಬೇಕಾಗುತ್ತದೆ, ನಿಗದಿತ ಅವಧಿಗೊಮ್ಮೆ ಪದಾಧಿಕಾರಿಗಳ ಚುನಾವಣೆ ನಡೆಸಬೇಕಾಗುತ್ತದೆ. ಈಗ ನಮ್ಮ ಗುಂಪಿನಲ್ಲಿ ಯಾರು ಏನು ತೀರ್ಮಾನಿಸುತ್ತಾರೆ ಎಂಬುದು ಚಹಾದ ಅಂಗಡಿಯಲ್ಲಿ ಯಾರು ಗಟ್ಟಿಯಾಗಿ ಮಾತಾಡುತ್ತಾರೆ ಎಂಬುದರ ಮೇಲಿದೆ. ನಮ್ಮ ಗದಗ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲಿ ದೇಶದ ಮೊದಲ ಕೃಷಿ ಸಹಕಾರ ಸಂಘ ಕಟ್ಟಿದರು. ಭಾಷಣದಿಂದ ಕಟ್ಟಲಿಲ್ಲ. ಯಾರ ಪಾಲು ಎಷ್ಟು, ಯಾರಿಗೆ ಸಾಲ ಎಷ್ಟು ಎಂದು ಕಡತದಲ್ಲಿ ಬರೆದು ಕಟ್ಟಿದರು.

ಠೇವಣಿ ಅಣ್ಣನವರು ನೂರು ಜನರ ಪ್ರಮಾಣಪತ್ರ ಬೇಕೆಂದರಲ್ಲ, ಅದನ್ನೇ ಹಿಡಿಯಿರಿ. ಪಕ್ಷದ ಹೆಸರು, ಚಿಹ್ನೆ, ಜಾಹೀರಾತು ಎಲ್ಲ ಪಕ್ಕಕ್ಕಿಡಿ. ಒಂದು ವಾರ್ಡು ಆರಿಸಿ ಮನೆ ಮನೆ ತಟ್ಟಿ. ‘ನಿಮ್ಮ ಜೊತೆ ಇದ್ದೇನೆ’ ಎಂದು ಹೆಸರು ಬರೆದು ಸಹಿ ಹಾಕುವವರು ನೂರು ಜನ ಸಿಗುತ್ತಾರೆಯೇ ನೋಡಿ. ಸಿಕ್ಕರೆ ಜಗಳ ಮುಂದುವರಿಸೋಣ. ಸಿಗದಿದ್ದರೆ ಜಗಳವಾಡಲು ಏನು ಉಳಿದಿದೆ?

ಠೇವಣಿ ಕಳೆದುಕೊಂಡವನು | 3:01

ನಿಲ್ಲುವ ಮೊದಲು ಯಾರಾದರೂ ಇದನ್ನು ನನಗೆ ಹೇಳಿದ್ದರೆ ಹತ್ತು ಸಾವಿರ ಉಳಿಯುತ್ತಿತ್ತು.

ಮುಳಗುಂದ ನಾಕಾ | 3:10

ರೈಲಿನ ವಿಷಯ ನನಗೆ ಹೊಳೆಯಲೇ ಇಲ್ಲ ಅಕ್ಕಾವರೇ. ಒಂದೇ ಗಾಡಿಗೆ ಹೋಗುತ್ತೇವೆ, ನಾನು ಅಣ್ಣಿಗೇರಿ ದಾಟುವಷ್ಟರಲ್ಲಿ ನಿದ್ದೆ ಹೋಗಿರುತ್ತೇನೆ. ಮನೆ ತಟ್ಟುವುದಕ್ಕೆ ನಾನೂ ಬರುತ್ತೇನೆ. ಪಕ್ಷಕ್ಕೆ ನನ್ನ ವಿರೋಧ ಹಾಗೆಯೇ ಇದೆ, ಬರೆದುಕೊಳ್ಳಿ.

ನಿವೃತ್ತ ಹವಾಲ್ದಾರ | 4:30

ಮಗ್ಗದ ತಂಗಿ ಹೇಳಿದ್ದು ಸರಿ. ಪಟ್ಟಿಯಲ್ಲಿ ಮಾಜಿ ಸೈನಿಕರ ಮನೆಗಳಿಗೆ ಮೊದಲು ಹೋಗಿ. ನನಗೆ ಗೊತ್ತಿರುವ ಒಂಬತ್ತು ಮನೆಗಳಿವೆ, ಅವುಗಳಲ್ಲಿ ಎರಡರಲ್ಲಿ ಗಂಡಸರಿಲ್ಲ. ನಾನು ಜೊತೆಗೆ ಬರುತ್ತೇನೆ, ಆದರೆ ಸಹಿ ಹಾಕುತ್ತೇನೆ ಎಂದು ಈಗಲೇ ಹೇಳುವುದಿಲ್ಲ. ಅಲ್ಲಿಗೆ ಹೋಗಿ ನೀವು ಏನು ಮಾತನಾಡುತ್ತೀರಿ ಕೇಳಿದ ಮೇಲೆ.

ಇನ್ನೊಂದು. ಕೈಯಲ್ಲಿ ರಾಷ್ಟ್ರಧ್ವಜ ಹಿಡಿದು ಹೋಗಿ.

ಸಾಧನಕೇರಿ ಸೈಕಲ್ | 4:41

ಯಾವ ಬಾವುಟವೂ ಬೇಡ ಎಂಬುದು ಮೊದಲ ದಿನದ ನಿಯಮ ಸರ್. ಅದನ್ನು ಸಭೆಯಲ್ಲಿಡುತ್ತೇನೆ.

ಕರಿ ಎರೆ | 4:50

ಹಿಡಿಯುವುದಾದರೆ ಬೆಂಗೇರಿಯ ಖಾದಿ ಧ್ವಜ ಹಿಡಿಯಿರಿ. ಹುಬ್ಬಳ್ಳಿಯಲ್ಲೇ ಹೊಲಿಯುವ ಬಾವುಟ ಬಿಟ್ಟು ಪಾಲಿಯೆಸ್ಟರ್ ತರಬೇಡಿ.

ಬೆಟಗೇರಿ ಮಗ್ಗ | 4:58

ಬಟ್ಟೆ ನೇಯುವುದು ಗರಗದ ಕಡೆಯೂ ಇದೆ ಅಣ್ಣಾ. 2021ರ ಡಿಸೆಂಬರಿನಲ್ಲಿ ಧ್ವಜ ಸಂಹಿತೆ ತಿದ್ದಿ ಪಾಲಿಯೆಸ್ಟರಿಗೆ ಒಪ್ಪಿಗೆ ಕೊಟ್ಟ ಮೇಲೆ ಖಾದಿಯ ಹೊಟ್ಟೆಗೆ ಬಿದ್ದ ಏಟು ಮಗ್ಗದವರಿಗೆ ಗೊತ್ತು. ಇದನ್ನು ಬೇರೆ ಕಡೆ ಚರ್ಚಿಸೋಣ, ಇಲ್ಲಿ ಶುರು ಮಾಡಿದರೆ ನಾನು ನಿಲ್ಲಿಸುವುದಿಲ್ಲ.

ತೋಳನಕೆರೆ ವಾಕಿಂಗ್ | 5:20

ನನ್ನ ವಾರ್ಡಿಗೇ ಬನ್ನಿ. ನಂಬಿಕೆ ಇಲ್ಲ, ಆದರೆ ಮನೆಗಳು ಗೊತ್ತು. ಯಾವ ಮನೆಯ ನಾಯಿ ಕಚ್ಚುತ್ತದೆ ಎಂಬುದೂ ಗೊತ್ತು.

ದುರ್ಗದಬೈಲ್ ಗಿರಮಿಟ್ | 5:22

ಮಿರ್ಚಿ ಭಜಿ ಇದ್ದರೆ ನಾನೂ ಬರುತ್ತೇನೆ. ಸಹಿ ಹಾಕಿಸುವುದರಲ್ಲಿ ನನಗೆ ಅನುಭವವಿದೆ, ಓಣಿಯ ಗಣಪತಿ ಚಂದಾ ಎಂಟು ವರ್ಷ ಎತ್ತಿದ್ದೇನೆ.

ಸಾಧನಕೇರಿ ಸೈಕಲ್ | ರಾತ್ರಿ 8:05

ಮಧ್ಯಾಹ್ನದಿಂದ ಉಳಿದ ಹತ್ತು ಜನರಿಗೂ ಫೋನ್ ಮಾಡಿದೆ. ಹೊರಗೆ ಹೋಗುತ್ತೇನೆ ಎಂದಿದ್ದ ಇಬ್ಬರಲ್ಲಿ ಒಬ್ಬರು ನೂರು ಸಹಿಯ ಲೆಕ್ಕಕ್ಕೆ ಒಪ್ಪಿದರು. ಇನ್ನೊಬ್ಬರು ಫೋನ್ ಎತ್ತಲಿಲ್ಲ, ನಾಳೆ ಮನೆಗೇ ಹೋಗುತ್ತೇನೆ. ಪಕ್ಷದ ಮಾತು ಸದ್ಯಕ್ಕೆ ಕಾಗದದಲ್ಲೇ ಮಡಚಿಟ್ಟಿದೆ, ಹರಿದು ಹಾಕಿಲ್ಲ. ಮುಂದಿನ ಭಾನುವಾರ ಬೆಳಗ್ಗೆ ಹತ್ತಕ್ಕೆ ತೋಳನಕೆರೆಯ ಹತ್ತಿರ ಸೇರೋಣ, ಗದಗದ ಬೆಳಗಿನ ಗಾಡಿಗೆ ಸರಿಯಾಗುತ್ತದೆ. ಧ್ವಜದ ವಿಷಯ ಅಲ್ಲೇ. ನೂರು ಗೆರೆ ಎಳೆದ ಒಂದು ಉದ್ದ ಪುಸ್ತಕ ತಂದಿದ್ದೇನೆ. ಮೊದಲ ಗೆರೆಯಲ್ಲಿ ನನ್ನ ಹೆಸರು ಬರೆದೆ, ಇನ್ನು ಚಹಾದ ನೆಪ ಹೇಳುವ ಹಾಗಿಲ್ಲ.

ಕುಳಿತುಕೊಳ್ಳಲು ಜಮಖಾನೆ ಯಾರಾದರೂ ತನ್ನಿ.

ಬೆಟಗೇರಿ ಮಗ್ಗ | 8:11

ಜಮಖಾನೆ ನನ್ನದೇ ಇತ್ತು. ಮಾರ್ಚ್‌ನಲ್ಲಿ ಧಾರವಾಡದವರು ಒಯ್ದರು. ಯಾರ ಮನೆಯಲ್ಲಿದೆ ಎಂದು ಮೊದಲು ಹೇಳಿ.

ಮುಳಗುಂದ ನಾಕಾ | 8:13

ಸೈಕಲ್ ಸರ್ ಮನೆಯ ಮಹಡಿಯಲ್ಲಿ. ಮೆಣಸಿನಕಾಯಿ ಒಣಗಿಸಲು ಹಾಸಿದ್ದಾರೆ, ನಾನು ನೋಡಿದ್ದೇನೆ.